ಕಾರ್ಬುರೇಟರ್ ಸ್ಕ್ರೂ ಮುಟ್ಟುವ ಮೊದಲು

ಹಂಪ್ ದಾಟಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹಳೆಯ ಕಾರು ತಕ್ಷಣ ಮುಂದಕ್ಕೆ ಎಳೆಯುವುದಿಲ್ಲ. ಅರೆಕ್ಷಣ ಸುಮ್ಮನಿದ್ದು, ಒಮ್ಮೆ ಮುಗ್ಗರಿಸಿ, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಓಡತೊಡಗುತ್ತದೆ. ಹೆದ್ದಾರಿಯಲ್ಲಿ ಅರವತ್ತರ ವೇಗದಲ್ಲಿ ಹೋಗುವಾಗ ಈ ಕಾಟವಿಲ್ಲ. ನಿಂತಲ್ಲಿ ಐಡ್ಲಿಂಗ್ ಕೂಡ ನೆಟ್ಟಗೇ ಇರುತ್ತದೆ. ತೊಂದರೆಯೆಲ್ಲ ಗಂಟೆಗೆ ಹದಿನೈದರಿಂದ ಮೂವತ್ತು ಕಿಲೋಮೀಟರ್ ನಡುವೆ, ಅದೂ ಪೆಡಲ್ ಮೇಲೆ ಕಾಲಿನ ಭಾರ ಬಿದ್ದ ಗಳಿಗೆಯಲ್ಲಿ. ‘ಪಿಕಪ್ ಇಲ್ಲ’, ‘ಜರ್ಕ್ ಹೊಡೆಯುತ್ತೆ’, ‘ಎಳೆಯೋದೇ ಇಲ್ಲ’ ಎಂದು ಮಾಲೀಕರು ಗ್ಯಾರೇಜಿನಲ್ಲಿ ಹೇಳುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ಬಾನೆಟ್ ಎದ್ದಿರುತ್ತದೆ, ಏರ್ ಕ್ಲೀನರ್ ಕೆಳಗಿಳಿದಿರುತ್ತದೆ, ಸ್ಕ್ರೂಡ್ರೈವರ್ ಕಾರ್ಬುರೇಟರಿಗೆ ತಾಗಿರುತ್ತದೆ. ನನ್ನ ವಾದ ಇಷ್ಟೇ: ಈ ದೋಷದಲ್ಲಿ ಕಾರ್ಬುರೇಟರನ್ನು ಕೊನೆಗೆ ಮುಟ್ಟಬೇಕು. ಅದು ನಿರಪರಾಧಿ ಎಂದಲ್ಲ, ಎಷ್ಟೋ ಸಲ ಅಪರಾಧಿ ಅದೇ. ಆದರೆ ಸ್ಕ್ರೂ ಒಮ್ಮೆ ತಿರುಗಿತೆಂದರೆ ಸಾಕ್ಷ್ಯ ಅಳಿಸಿಹೋಗುತ್ತದೆ. ಮೊದಲಿದ್ದ ದೋಷ ಯಾವುದು, ನಾವು ತಂದುಕೊಂಡದ್ದು ಯಾವುದು ಎಂದು ಆಮೇಲೆ ಬೇರ್ಪಡಿಸಲಾಗುವುದಿಲ್ಲ.

ಇದು ಯಾವ ಕಾರುಗಳ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. 1489 ಸಿ.ಸಿ.ಯ ಪೆಟ್ರೋಲ್ ಅಂಬಾಸಿಡರ್, 1089 ಸಿ.ಸಿ.ಯ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ 796 ಸಿ.ಸಿ.ಯ ಮಾರುತಿ 800 – ನಮ್ಮ ರಸ್ತೆಗಳನ್ನು ಒಂದೆರಡು ತಲೆಮಾರು ಆಳಿದ ಈ ಮೂರೂ ಕಾರ್ಬುರೇಟರ್ ಕಾರುಗಳೇ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಹೊಸ ಕಾರುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಹೊಸ ಬೈಕು, ಸ್ಕೂಟರುಗಳಿಂದಲೂ ಕಾರ್ಬುರೇಟರ್ ಹೊರಬಿತ್ತು. ಹಾಗಾಗಿ ಇಂದು ಮೂವತ್ತರೊಳಗಿನ ಮೆಕ್ಯಾನಿಕ್‌ಗೆ ಕಾರಿನ ಕಾರ್ಬುರೇಟರ್ ಅಪರೂಪಕ್ಕೆ ಕಾಣಸಿಗುವ ವಸ್ತು. ಹಳಬರು ಒಬ್ಬೊಬ್ಬರಾಗಿ ಕೆಲಸ ಬಿಟ್ಟಿದ್ದಾರೆ. ಉಳಿದಿರುವುದು ಅವರ ಕೆಲಸದಲ್ಲಿ ಹೊರಗೆ ಕಾಣುತ್ತಿದ್ದ ಭಾಗ ಮಾತ್ರ: ಒಂದು ಕೈಯಲ್ಲಿ ಇಂಜಿನ್ ರೇಸ್ ಮಾಡುತ್ತ ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸುವುದು. ಅದಕ್ಕೆ ಮೊದಲು ಅವರು ಏನೇನು ನೋಡಿ ಮುಗಿಸಿರುತ್ತಿದ್ದರು ಎಂಬುದು ಮುಂದಿನವರ ಕೈಗೆ ದಾಟಿ ಬಂದಿಲ್ಲ.

ಪೆಡಲ್ ಒತ್ತಿದಾಗ ಒಳಗೆ ಆಗುವುದೇನು? ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು. ಗಾಳಿ ಹೆಚ್ಚಾದರೆ ಮಿಶ್ರಣ ಲೀನ್, ಪೆಟ್ರೋಲ್ ಹೆಚ್ಚಾದರೆ ರಿಚ್. ಐಡ್ಲಿಂಗಿನಲ್ಲಿ ಥ್ರಾಟಲ್ ಕವಾಟ ಬಹುತೇಕ ಮುಚ್ಚಿರುವುದರಿಂದ ಅದರ ಕೆಳಗಿನ ಇನ್‌ಲೆಟ್ ಮ್ಯಾನಿಫೋಲ್ಡಿನಲ್ಲಿ ಬಲವಾದ ವ್ಯಾಕ್ಯೂಮ್ ಇರುತ್ತದೆ. ಆ ವ್ಯಾಕ್ಯೂಮಿನಲ್ಲಿ ಪೆಟ್ರೋಲ್ ಸಲೀಸಾಗಿ ಆವಿಯಾಗುತ್ತದೆ. ಪೆಡಲ್ ಒತ್ತಿದೊಡನೆ ಕವಾಟ ತೆರೆದುಕೊಳ್ಳುತ್ತದೆ, ವ್ಯಾಕ್ಯೂಮ್ ಕುಸಿಯುತ್ತದೆ. ಆವಿಯಾಗಿದ್ದ ಪೆಟ್ರೋಲಿನ ಸ್ವಲ್ಪ ಭಾಗ ಮತ್ತೆ ದ್ರವವಾಗಿ ಮ್ಯಾನಿಫೋಲ್ಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಇನ್ನೊಂದೆಡೆ, ಹಗುರವಾದ ಗಾಳಿ ಕೂಡಲೇ ಒಳನುಗ್ಗುತ್ತದೆ, ಭಾರದ ಪೆಟ್ರೋಲ್ ಹಿಂದುಳಿಯುತ್ತದೆ – ಹಸಿರು ದೀಪ ಬಿದ್ದಾಗ ಸ್ಕೂಟರ್ ಚಿಮ್ಮಿ ಹೋಗಿ, ಕಬ್ಬು ಹೇರಿದ ಲಾರಿ ಆಮೇಲೆ ಕದಲುವ ಹಾಗೆ. ಎರಡೂ ಸೇರಿ ಇಂಜಿನ್ನಿನ ಕೆಲವು ಸುತ್ತುಗಳ ಮಟ್ಟಿಗೆ ಮಿಶ್ರಣ ತೀರಾ ಲೀನ್ ಆಗುತ್ತದೆ. ಇಂಜಿನ್ ತಣ್ಣಗಿದ್ದರೆ ಗೋಡೆಗೆ ಅಂಟುವ ಪೆಟ್ರೋಲ್ ಇನ್ನೂ ಹೆಚ್ಚು, ಮುಗ್ಗರಿಕೆಯೂ ಹೆಚ್ಚು. ಅಂದರೆ ಮುಗ್ಗರಿಸುವುದು ಕಾರ್ಬುರೇಟರ್ ಇಂಜಿನ್ನಿನ ಸಹಜ ಸ್ವಭಾವ. ಮುಗ್ಗರಿಸದಂತೆ ನೋಡಿಕೊಳ್ಳುವುದಕ್ಕೇ ಅದರಲ್ಲಿ ವಿಶೇಷ ಏರ್ಪಾಡುಗಳಿವೆ.

ಸೋಲೆಕ್ಸ್ ಮಾದರಿಯ ಕಾರ್ಬುರೇಟರುಗಳಲ್ಲಿ ಈ ಏರ್ಪಾಡು ಎರಡು ಬಗೆಯದು. ಐಡ್ಲಿಂಗಿನ ಪೆಟ್ರೋಲ್ ಬರುವ ರಂಧ್ರದ ಸ್ವಲ್ಪ ಮೇಲೆ, ಥ್ರಾಟಲ್ ಕವಾಟದ ಅಂಚಿಗೆ ಸರಿಯಾಗಿ, ಒಂದೆರಡು ಸಣ್ಣ ರಂಧ್ರಗಳಿರುತ್ತವೆ. ಕವಾಟ ಕೂದಲೆಳೆಯಷ್ಟು ತೆರೆದಾಗ ಅವು ವ್ಯಾಕ್ಯೂಮಿಗೆ ಒಡ್ಡಿಕೊಂಡು ಪೆಟ್ರೋಲ್ ಕೊಡತೊಡಗುತ್ತವೆ. ಮುಖ್ಯ ಜೆಟ್ ಕೆಲಸ ಶುರುಮಾಡುವವರೆಗೆ ಇಂಜಿನ್ನನ್ನು ದಾಟಿಸುವವು ಇವೇ. ಎರಡನೆಯದು ಆಕ್ಸಿಲರೇಟರ್ ಪಂಪ್. ಪೆಡಲ್ ಒತ್ತಿದಾಗ ಸಣ್ಣ ಡಯಾಫ್ರಮ್ ಅಥವಾ ಪಿಸ್ಟನ್ ಒಂದು ಪುಟ್ಟ ನಳಿಗೆಯ ಮೂಲಕ ಪೆಟ್ರೋಲನ್ನು ನೇರವಾಗಿ ಒಳಕ್ಕೆ ಚಿಮ್ಮಿಸುತ್ತದೆ. ಒಂದು ಸಲಕ್ಕೆ ಚಿಮ್ಮುವುದು ಹೆಚ್ಚೆಂದರೆ ಒಂದು ಮಿಲಿಲೀಟರಿನ ಆಸುಪಾಸು, ಆದರೆ ಆ ಕ್ಷಣಕ್ಕೆ ಅಷ್ಟೇ ಸಾಕು. ಅಂಬಾಸಿಡರಿನ ಎಸ್‌ಯು ಕಾರ್ಬುರೇಟರಿನ ಬುದ್ಧಿ ಬೇರೆಯೇ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಸ್ಕಿನ್ನರ್ ಸೋದರರು ರೂಪಿಸಿದ ಈ ವಿನ್ಯಾಸದಲ್ಲಿ ಆಕ್ಸಿಲರೇಟರ್ ಪಂಪೇ ಇಲ್ಲ. ಗಾಳಿಯ ದಾರಿಯನ್ನು ತೆರೆಯುವ ಪಿಸ್ಟನ್ನೊಂದು ಮೇಲೇಳುವಾಗ ಅದನ್ನು ಎಣ್ಣೆಯ ಡ್ಯಾಂಪರ್ ಸ್ವಲ್ಪ ತಡೆದು ಹಿಡಿಯುತ್ತದೆ. ಆ ತಡೆಯಿಂದ ಜೆಟ್ಟಿನ ಮೇಲಿನ ಸೆಳೆತ ಕ್ಷಣಕಾಲ ಹೆಚ್ಚಾಗಿ ಬೇಕಾದಷ್ಟು ಹೆಚ್ಚುವರಿ ಪೆಟ್ರೋಲ್ ಬರುತ್ತದೆ. ಡ್ಯಾಂಪರಿನ ಎಣ್ಣೆ ಒಣಗಿದರೆ ಪಿಸ್ಟನ್ ತಡೆಯಿಲ್ಲದೆ ಮೇಲಕ್ಕೆ ಹಾರುತ್ತದೆ, ಗಾಡಿ ಮುಗ್ಗರಿಸುತ್ತದೆ. ನಾಲ್ಕು ಹನಿ ಎಸ್‌ಎಇ 20 ಎಣ್ಣೆಯಿಂದ ಹೋಗುವ ರೋಗಕ್ಕೆ ಇಡೀ ಕಾರ್ಬುರೇಟರ್ ಬಿಚ್ಚಿಸಿಕೊಂಡ ಅಂಬಾಸಿಡರುಗಳು ಕಡಿಮೆಯಿರಲಾರವು.

ಇಷ್ಟು ಓದಿದವರು, ದೋಷ ಕಾರ್ಬುರೇಟರಿನದೇ ಎಂದು ನೀವೇ ಹೇಳಿದಂತಾಯಿತಲ್ಲ ಎನ್ನಬಹುದು. ಇಲ್ಲ. ಅದೇ ಗಳಿಗೆಯಲ್ಲಿ ಇನ್ನೊಂದು ಕಡೆಯೂ ಕಷ್ಟ ಶುರುವಾಗಿರುತ್ತದೆ. ಥ್ರಾಟಲ್ ತೆರೆದಾಗ ಸಿಲಿಂಡರಿನೊಳಕ್ಕೆ ಹೆಚ್ಚು ಗಾಳಿ ಬರುತ್ತದೆ, ಅದನ್ನು ಅದುಮಿದಾಗ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗಿನಲ್ಲಿ ಒತ್ತಡ ಕಡಿಮೆ ಇರುವಾಗ ಸೊರಗಿದ ಕಾಯಿಲ್, ಸವೆದ ಪಾಯಿಂಟ್ಸ್, ಸೋರುವ ಕಂಡೆನ್ಸರ್, ಬಿರುಕುಬಿಟ್ಟ ಡಿಸ್ಟ್ರಿಬ್ಯೂಟರ್ ಕ್ಯಾಪ್, ಹಳೆಯ ಪ್ಲಗ್ ವಯರು ಎಲ್ಲವೂ ಹೇಗೋ ಸಂಭಾಳಿಸುತ್ತವೆ. ಪೆಡಲ್ ಒತ್ತಿದಾಗ ಕೈಕೊಡುತ್ತವೆ. ಸ್ಟಿಯರಿಂಗ್ ಹಿಡಿದು ಕೂತವರಿಗೆ ಪೆಟ್ರೋಲ್ ಸಾಲದೆ ಬಂದ ಮುಗ್ಗರಿಕೆ, ಕಿಡಿ ಸಾಲದೆ ಬಂದ ಮುಗ್ಗರಿಕೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಅನ್ನಿಸುತ್ತವೆ. ಲಕ್ಷಣವೊಂದನ್ನೇ ನೋಡಿ ಕಾರ್ಬುರೇಟರಿಗೆ ಶಿಕ್ಷೆ ಕೊಡಬಾರದು ಎನ್ನಲು ಇದೇ ಮೊದಲ ಕಾರಣ.

ಕಿಡಿಯ ಬಲದಷ್ಟೇ ಮುಖ್ಯವಾದದ್ದು ಅದು ಬೀಳುವ ಸಮಯ, ಮತ್ತು ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದೂ ಅದೇ. ಪಾಯಿಂಟ್ಸ್ ಇರುವ ಡಿಸ್ಟ್ರಿಬ್ಯೂಟರಿನಲ್ಲಿ ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ದಿನಕಳೆದಂತೆ ಸವೆಯುತ್ತದೆ. ಸವೆದಂತೆ ಪಾಯಿಂಟ್ಸ್ ಗ್ಯಾಪ್ ಕಿರಿದಾಗುತ್ತದೆ, ಗ್ಯಾಪ್ ಕಿರಿದಾದಂತೆ ಟೈಮಿಂಗ್ ತಡವಾಗುತ್ತದೆ. ಯಾರೂ ಏನೂ ಮುಟ್ಟದಿದ್ದರೂ ಕಾರಿನ ಪಿಕಪ್ ವರ್ಷದಿಂದ ವರ್ಷಕ್ಕೆ ಕುಂದುವುದಕ್ಕೆ ಇದೊಂದು ಕಾರಣ. ಈ ಕಾರುಗಳಲ್ಲಿ ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.5 ಮಿ.ಮೀ. ಒಳಗಿರುತ್ತದೆ. ನಿಖರ ಅಂಕಿ ಆಯಾ ಕಾರಿನ ಪುಸ್ತಕದಲ್ಲಿದೆ. ಫೀಲರ್ ಗೇಜ್ ಬಿಟ್ಟು ಹ್ಯಾಕ್‌ಸಾ ಬ್ಲೇಡಿನಿಂದ ಅಂದಾಜು ಹಾಕುವ ಪದ್ಧತಿಯನ್ನು ದಯವಿಟ್ಟು ಒಪ್ಪಬೇಡಿ. ಇನ್ನು ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಅಂಟಿಕೊಂಡ ತಟ್ಟೆಯಂಥ ಡಬ್ಬಿ, ಅಂದರೆ ವ್ಯಾಕ್ಯೂಮ್ ಅಡ್ವಾನ್ಸ್. ಅರ್ಧಂಬರ್ಧ ಥ್ರಾಟಲಿನಲ್ಲಿ ಮಿಶ್ರಣ ನಿಧಾನವಾಗಿ ಉರಿಯುವುದರಿಂದ ಕಿಡಿ ಬೇಗ ಬೀಳಬೇಕು, ಅದನ್ನು ನೋಡಿಕೊಳ್ಳುವುದು ಈ ಡಬ್ಬಿಯೊಳಗಿನ ರಬ್ಬರ್ ಡಯಾಫ್ರಮ್. ಅದು ಹರಿದರೆ ಎರಡು ನಷ್ಟ: ಕಿಡಿ ತಡವಾಗುತ್ತದೆ, ಹರಿದ ರಬ್ಬರಿನ ಮೂಲಕ ಬೇಡದ ಗಾಳಿಯೂ ಒಳಕ್ಕೆ ಹೋಗುತ್ತದೆ. ಪರೀಕ್ಷೆಗೆ ಉಪಕರಣ ಬೇಕಿಲ್ಲ. ಇಂಜಿನ್ ನಿಲ್ಲಿಸಿ, ಕ್ಯಾಪ್ ತೆಗೆದು, ಕಾರ್ಬುರೇಟರಿನಿಂದ ಬರುವ ಸಣ್ಣ ಪೈಪನ್ನು ಅಲ್ಲಿ ಕಳಚಿ ಬಾಯಿಯಿಂದ ಎಳೆದು, ತುದಿಗೆ ನಾಲಿಗೆ ಒತ್ತಿ ಹಿಡಿದರಾಯಿತು. ಒಳಗಿನ ತಟ್ಟೆ ಸರಿದು ಹಾಗೇ ನಿಂತರೆ ಡಯಾಫ್ರಮ್ ಗಟ್ಟಿ. ಸರಿಯದಿದ್ದರೆ, ಅಥವಾ ಸರಿದು ವಾಪಸಾದರೆ, ಡಬ್ಬಿ ಬದಲಾಯಿಸಬೇಕು.

ಬೇಡದ ಗಾಳಿಯ ಮಾತು ಬಂದದ್ದರಿಂದ ಅದನ್ನೂ ಮುಗಿಸಿಬಿಡೋಣ. ಕಾರ್ಬುರೇಟರಿನ ಕೆಳಗಿನ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಇರುವ ಕಾರುಗಳಲ್ಲಿ ಅದರ ದಪ್ಪ ಪೈಪು – ಇವುಗಳಲ್ಲಿ ಎಲ್ಲಿ ಬಿರುಕಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಇಂಜಿನ್ನಿಗೆ ಸೇರಿ ಮಿಶ್ರಣವನ್ನು ಲೀನ್ ಮಾಡುತ್ತದೆ. ಈ ದೋಷಕ್ಕೆ ಒಂದು ಗುರುತು ಇದೆ. ಐಡ್ಲಿಂಗಿನಲ್ಲಿ, ನಿಧಾನದ ಓಟದಲ್ಲಿ ಇಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿಯೇ ಕಡಿಮೆ, ವ್ಯಾಕ್ಯೂಮ್ ಹೆಚ್ಚು. ಆದ್ದರಿಂದ ಸಣ್ಣ ಬಿರುಕಿನ ಗಾಳಿಯೂ ಅಲ್ಲಿ ದೊಡ್ಡ ಪಾಲಾಗುತ್ತದೆ. ವೇಗ ಹೆಚ್ಚಿ ಥ್ರಾಟಲ್ ಅಗಲವಾದಾಗ ಅದೇ ಬಿರುಕು ಲೆಕ್ಕಕ್ಕೇ ಇಲ್ಲ. ‘ಸ್ಪೀಡ್ ಹಿಡಿದ ಮೇಲೆ ಚೆನ್ನಾಗಿದೆ, ನಿಧಾನಕ್ಕೇ ತೊಂದರೆ’ ಎಂಬ ದೂರು ಗಾಳಿ ಸೋರಿಕೆಗೆ ಹೇಳಿ ಮಾಡಿಸಿದಂತಿದೆ. ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಕಟ್ಟಿದ್ದರೆ ಚಿತ್ರ ತಿರುವುಮುರುವಾಗಿರುತ್ತದೆ. ಕಾರ್ಬುರೇಟರಿನ ಬಟ್ಟಲಲ್ಲಿ ನಿಂತ ಪೆಟ್ರೋಲ್ ನಿಧಾನದ ಓಟಕ್ಕೆ ಸಾಕಾಗುತ್ತದೆ, ಏರಿನಲ್ಲಿ ಜೋರಾಗಿ ಹತ್ತುವಾಗಲೇ ಅದು ಬರಿದಾಗುವುದು. ನಿಧಾನದ ಮುಗ್ಗರಿಕೆಗೆ ಫ್ಯೂಯಲ್ ಪಂಪ್ ಬದಲಾಯಿಸುವವರು ದೋಷದ ಗುರುತನ್ನೇ ಓದಿಲ್ಲ. ಸೋರಿಕೆ ಹುಡುಕಲು ಅನುಮಾನದ ಪೈಪನ್ನು ಹಿಡಿದು ಹಿಚುಕಿ, ಗ್ಯಾಸ್ಕೆಟ್ ಸುತ್ತ ಸ್ವಲ್ಪ ನೀರು ಸಿಂಪಡಿಸಿ ಇಂಜಿನ್ನಿನ ಸದ್ದು ಬದಲಾಗುವುದೇ ಎಂದು ಕೇಳಿದರೆ ಸಾಕು. ಉರಿಯುವ ಸ್ಪ್ರೇಗಳನ್ನು ಈ ಕೆಲಸಕ್ಕೆ ಬಳಸುವವರಿದ್ದಾರೆ. ಅಂಬಾಸಿಡರಿನಲ್ಲಿ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬುರೇಟರಿನ ಬದಿಗೇ ಇದೆ ಎಂಬುದನ್ನು ಅವರಿಗೆ ನೆನಪಿಸಬೇಕು.

ಹಾಗಾದರೆ ಕಿಡಿಯೋ, ಗಾಳಿಯೋ, ಪೆಟ್ರೋಲೋ ಎಂದು ವಿಂಗಡಿಸುವುದು ಹೇಗೆ? ಅದಕ್ಕೆ ಬೇಕಾದ ಉಪಕರಣ ಡ್ಯಾಶ್‌ಬೋರ್ಡಿನಲ್ಲೇ ಇದೆ: ಚೋಕ್. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಚೋಕನ್ನು ಕಾಲುಭಾಗ ಎಳೆದು ಅದೇ ಗೇರಿನಲ್ಲಿ ಅದೇ ವೇಗದಿಂದ ಮತ್ತೆ ಪೆಡಲ್ ಒತ್ತಿ. ಮುಗ್ಗರಿಕೆ ಹೋಯಿತೆಂದರೆ ಮಿಶ್ರಣ ಲೀನ್ ಇದೆ. ಗಾಳಿ ಸೋರಿಕೆ, ಕಟ್ಟಿದ ರಂಧ್ರ, ಸೋತ ಆಕ್ಸಿಲರೇಟರ್ ಪಂಪ್ ಇವುಗಳಲ್ಲಿ ಒಂದು. ಇನ್ನೂ ಹದಗೆಟ್ಟು ಕಪ್ಪು ಹೊಗೆ ಬಂದರೆ ರಿಚ್. ಏನೂ ವ್ಯತ್ಯಾಸವಾಗದಿದ್ದರೆ ಕಿಡಿಯ ಕಡೆ ತಿರುಗಿ. ಎಸ್‌ಯು ಕಾರ್ಬುರೇಟರಿನಲ್ಲಿ ಇನ್ನೂ ಸೊಗಸಾದ ಪರೀಕ್ಷೆಯಿದೆ. ಐಡ್ಲಿಂಗಿನಲ್ಲಿ ಪಿಸ್ಟನ್ನನ್ನು ಒಂದು ಮಿಲಿಮೀಟರಿನಷ್ಟು ಮಾತ್ರ ಎತ್ತಿದಾಗ ಇಂಜಿನ್ ವೇಗ ಏರಿ ಹಾಗೇ ಉಳಿದರೆ ರಿಚ್, ಕೂಡಲೇ ಕುಸಿದರೆ ಲೀನ್, ಕ್ಷಣ ಏರಿ ಮೊದಲಿನ ಮಟ್ಟಕ್ಕೆ ಬಂದರೆ ಸರಿ. ಆದರೆ ಚೋಕ್ ಪರೀಕ್ಷೆಗೆ ಒಂದು ಮಿತಿಯಿದೆ. ರಿಚ್ ಮಿಶ್ರಣಕ್ಕೆ ದುರ್ಬಲ ಕಿಡಿಯಿಂದಲೂ ಬೆಂಕಿ ಹತ್ತುತ್ತದೆ. ಆದ್ದರಿಂದ ಕಿಡಿ ಸೋತಿದ್ದರೂ ಚೋಕ್ ಎಳೆದಾಗ ಗಾಡಿ ಕೊಂಚ ಸುಧಾರಿಸಿದಂತೆ ಕಾಣಬಹುದು, ಲೀನ್ ಎಂಬ ತಪ್ಪು ತೀರ್ಪು ಹೊರಬೀಳಬಹುದು. ಪ್ಲಗ್, ಪಾಯಿಂಟ್ಸ್, ಟೈಮಿಂಗ್ ನೋಡಿ ಮುಗಿಸಿದ ಮೇಲೆಯೇ ಚೋಕಿನ ಸಾಕ್ಷ್ಯಕ್ಕೆ ಬೆಲೆ. ಮೊದಲು ಕಿಡಿ, ಆಮೇಲೆ ಗಾಳಿ, ಕೊನೆಗೆ ಕಾರ್ಬುರೇಟರ್ ಎಂಬ ಕ್ರಮ ನನ್ನ ಹಟವಲ್ಲ, ಹಿಂದಿನ ಹೆಜ್ಜೆ ಮುಗಿಯದೆ ಮುಂದಿನ ಪರೀಕ್ಷೆಯನ್ನು ನಂಬುವಂತಿಲ್ಲ.

ಇದಕ್ಕೆ ಬಲವಾದ ಆಕ್ಷೇಪ ಅನುಭವಸ್ಥರಿಂದಲೇ ಬರುತ್ತದೆ: ‘ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿದರೆ ಹತ್ತರಲ್ಲಿ ಏಳು ಗಾಡಿ ಸರಿಹೋಗುತ್ತವೆ, ಮತ್ತೇಕೆ ಸುತ್ತುಬಳಸಿ ಹೋಗಬೇಕು?’ ಸರಿಹೋಗುವುದು ನಿಜವಿರಬಹುದು. ಆದರೆ ಅದಕ್ಕೆ ಕಾರಣ ಏನೆಂದು ಈ ವಾದ ಕೇಳುವುದಿಲ್ಲ. ಕಾರ್ಬುರೇಟರ್ ಇಳಿಸಿ ಏರಿಸುವಾಗ ಕೆಳಗಿನ ಗ್ಯಾಸ್ಕೆಟ್ ಹೊಸದಾಗುತ್ತದೆ, ಸಡಿಲವಾಗಿದ್ದ ನಟ್ಟುಗಳು ಬಿಗಿಯಾಗುತ್ತವೆ, ಒಣಗಿದ ಪೈಪು ಕಣ್ಣಿಗೆ ಬಿದ್ದು ಬದಲಾಗುತ್ತದೆ. ಸಾಮಾನ್ಯವಾಗಿ ಅದೇ ಸಲ ಪ್ಲಗ್ ತೆಗೆದು ಉಜ್ಜಿ, ಪಾಯಿಂಟ್ಸಿಗೆ ಎಮರಿ ಹಾಳೆ ಹಾಕುತ್ತಾರೆ. ನಾಲ್ಕು ಕೆಲಸ ಒಟ್ಟಿಗೆ ಮಾಡಿ ಹೆಸರನ್ನು ಮಾತ್ರ ಕಾರ್ಬುರೇಟರಿಗೆ ಬರೆದಂತಾಯಿತು. ತಿಂಗಳೆರಡು ತಿಂಗಳಿಗೆ ಅದೇ ದೂರು ಹಿಂದಿರುಗಿದಾಗ, ಆಗ ಸರಿಹೋದದ್ದು ಯಾವುದರಿಂದ ಎಂದು ಹೇಳಲು ಯಾರಿಗೂ ಬರುವುದಿಲ್ಲ. ಬಿಚ್ಚುವುದರಲ್ಲೂ ಅಪಾಯವಿದೆ. ಜೆಟ್ಟುಗಳು ಹಿತ್ತಾಳೆಯವು, ಸೋಲೆಕ್ಸಿನಲ್ಲಿ ಅವುಗಳ ಮೇಲಿನ ಅಂಕಿ ಮಿಲಿಮೀಟರಿನ ನೂರನೇ ಭಾಗಗಳನ್ನು ಹೇಳುತ್ತದೆ. ಒಂದು ಮಿ.ಮೀ. ರಂಧ್ರಕ್ಕೆ ತಂತಿ ತೂರಿಸಿ ಉಜ್ಜಿ ಅದನ್ನು 1.05 ಮಿ.ಮೀ. ಮಾಡಿದರೆ ಅದರ ವಿಸ್ತೀರ್ಣ ಶೇ. 10ರಷ್ಟು ಹೆಚ್ಚುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸ ಇಂಜಿನ್ನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಒಳ್ಳೆಯ ಸಾಲ್ವೆಂಟ್, ಕಂಪ್ರೆಸರಿನ ಗಾಳಿ – ಜೆಟ್ ಶುಚಿಗೆ ಇಷ್ಟೇ ಬೇಕಾದದ್ದು.

ಸ್ಕ್ರೂ ತಿರುಗಿಸುವ ಚಾಳಿಗೆ ಮಾಲೀಕರ ಪಾಲೂ ಇದೆ. ಎಮಿಷನ್ ಟೆಸ್ಟಿಗೆ ಹೋಗುವ ಮುನ್ನ ಮಿಕ್ಸ್ಚರ್ ಸ್ಕ್ರೂ ಒಳಕ್ಕೆ ತಿರುಗಿಸಿ ಮಿಶ್ರಣವನ್ನು ಲೀನ್ ಮಾಡಿಸಿಕೊಳ್ಳುವುದು, ‘ಮೈಲೇಜ್ ಬರೋ ಹಾಗೆ ಮಾಡಿ’ ಎಂದು ಸಣ್ಣ ಜೆಟ್ ಹಾಕಿಸಿಕೊಳ್ಳುವುದು ಎರಡೂ ಮುಗ್ಗರಿಕೆಗೆ ನೇರ ಆಹ್ವಾನ. ಹಳೆಯ ಪೆಟ್ರೋಲ್ ಕಾರುಗಳಿಗೆ ಆ ಟೆಸ್ಟಿನಲ್ಲಿ ಐಡ್ಲಿಂಗಿನ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3. ಶೇ. 0.5ರ ಬಿಗಿ ಮಿತಿ ಇರುವುದು ಆಮೇಲೆ ಬಂದ ಬಿಎಸ್-2 ಕಾರುಗಳಿಗೆ. ಇಂಜಿನ್ ಆರೋಗ್ಯವಾಗಿದ್ದರೆ ಶೇ. 3ರೊಳಗೆ ಬರಲು ಪೆಟ್ರೋಲಿನ ಕತ್ತು ಹಿಸುಕಬೇಕಾಗಿಲ್ಲ. ಮುಗ್ಗರಿಕೆ ಶುರುವಾದದ್ದು ಎಮಿಷನ್ ಟೆಸ್ಟ್ ಆದ ವಾರದಿಂದಲೇ ಆಗಿದ್ದರೆ ಕಾರಣವನ್ನು ದೂರ ಹುಡುಕುವ ಅಗತ್ಯವೂ ಇಲ್ಲ. ಇನ್ನೊಂದು ವಿಷಯ: ಆ ಸ್ಕ್ರೂ ಆಳುವುದು ಐಡ್ಲಿಂಗನ್ನು, ಮತ್ತು ಅದರಾಚೆಗಿನ ಒಂದು ಹೆಜ್ಜೆಯನ್ನು ಮಾತ್ರ. ಸೋತ ಆಕ್ಸಿಲರೇಟರ್ ಪಂಪನ್ನು ಮಿಕ್ಸ್ಚರ್ ಸ್ಕ್ರೂನಿಂದ ಸರಿಪಡಿಸಲು ಹೊರಟರೆ ಐಡ್ಲಿಂಗ್ ರಿಚ್ ಆಗಿ, ಪ್ಲಗ್ ಮಸಿ ಹಿಡಿದು, ಇಲ್ಲದ ಎರಡನೇ ರೋಗವೊಂದು ಸೇರಿಕೊಳ್ಳುತ್ತದೆ.

ಈಚೆಗೆ ಎಲ್ಲದಕ್ಕೂ ಎಥೆನಾಲನ್ನು ತೋರಿಸುವುದು ರೂಢಿಯಾಗಿದೆ. ಶೇ. 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಈಗ ಬಂಕುಗಳಲ್ಲಿ ಸಿಗುವುದು ಬಹುಮಟ್ಟಿಗೆ ಅದೇ. ದೂರಿನಲ್ಲಿ ಹುರುಳಿಲ್ಲದಿಲ್ಲ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಬೇಕಾಗುವ ಗಾಳಿ ಕಡಿಮೆ: ಒಂದು ಪಾಲಿಗೆ 9 ಪಾಲು. ಇ20ಗೆ ಬೇಕಾದದ್ದು ಸುಮಾರು 13.5 ಪಾಲು. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಇದನ್ನು ಅರಿತು ಪೆಟ್ರೋಲ್ ಹೆಚ್ಚಿಸುತ್ತದೆ. ಹಿತ್ತಾಳೆಯ ಜೆಟ್ಟಿಗೆ ಆ ಬುದ್ಧಿಯಿಲ್ಲ. ಶುದ್ಧ ಪೆಟ್ರೋಲಿಗೆಂದು ಅಳೆದ ಕಾರ್ಬುರೇಟರ್ ಇ20ರಲ್ಲಿ ಸುಮಾರು ಶೇ. 7ರಷ್ಟು ಲೀನ್ ಆಗುತ್ತದೆ. ಮೇಲಾಗಿ ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತಿದ್ದ ಕೊಳೆಯನ್ನು ಸಡಿಲಿಸಿ ಕಾರ್ಬುರೇಟರಿಗೆ ತಳ್ಳುತ್ತದೆ. ಜೊತೆಗೆ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನ ತೆಳು ಗಾಳಿಗೆ ಹೊಂದಿಸಿದ ಕಾರ್ಬುರೇಟರ್ ಘಟ್ಟ ಇಳಿದು ಮಂಗಳೂರು ಸೇರುವಷ್ಟರಲ್ಲಿ ಇನ್ನೂ ಶೇ. 4ರಷ್ಟು ಲೀನ್ ಆಗಿರುತ್ತದೆ. ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡವರು ಇದನ್ನು ಇನ್ನೊಂದು ರೀತಿಯಲ್ಲಿ ನೋಡಬಹುದು. ಅದೇ ಆರೋಗ್ಯವಂತ ಇಂಜಿನ್ ಕರಾವಳಿಗಿಂತ ಬೆಂಗಳೂರಿನಲ್ಲಿ ಸುಮಾರು ಮೂರು ಇಂಚು ಕಡಿಮೆ ತೋರಿಸುತ್ತದೆ. ಇಷ್ಟೆಲ್ಲ ಇದ್ದರೂ ಎಥೆನಾಲೊಂದೇ ಕಾರಣ ಎನ್ನುವ ವಾದ ನಿಲ್ಲುವುದಿಲ್ಲ. ಅದೇ ಬಂಕಿನ ಪೆಟ್ರೋಲ್ ಕುಡಿದು ಸರಿಯಾಗಿ ಓಡುವ ಹಳೆಯ ಕಾರುಗಳಿವೆ. ಕಿಡಿ ಗಟ್ಟಿಯಿದ್ದು ಗಾಳಿ ಸೋರದಿದ್ದರೆ ಇಂಜಿನ್ ಶೇ. 7ರ ಕೊರತೆಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಮೊದಲೇ ಅಂಚಿನಲ್ಲಿದ್ದ ಗಾಡಿಯನ್ನು ಇ20 ಅಂಚಿನಿಂದಾಚೆ ತಳ್ಳುತ್ತದೆ, ಅಷ್ಟೆ. ಆದ್ದರಿಂದ ಒಂದು ನಂಬರ್ ದೊಡ್ಡ ಜೆಟ್ ಹಾಕುವ ಯೋಚನೆ ತಪ್ಪಲ್ಲ, ಆದರೆ ಅದರ ಸರದಿ ಎಲ್ಲದರ ನಂತರ.

ಕಿಡಿ ಸರಿಯಿದೆ, ಗಾಳಿ ಸೋರುತ್ತಿಲ್ಲ, ಚೋಕ್ ಎಳೆದರೆ ಮುಗ್ಗರಿಕೆ ಹೋಗುತ್ತದೆ ಎಂದಾದ ಮೇಲೆ ಕಾರ್ಬುರೇಟರಿನ ಸರದಿ ನಿಜವಾಗಿಯೂ ಬಂದಿದೆ. ಆಗಲೂ ಬಿಚ್ಚುವ ಮೊದಲು ನೋಡಬೇಕಾದದ್ದಿದೆ. ಪಂಪ್ ಇರುವ ಕಾರ್ಬುರೇಟರಾದರೆ ಇಂಜಿನ್ ನಿಲ್ಲಿಸಿ, ಏರ್ ಕ್ಲೀನರ್ ತೆಗೆದು, ಮೇಲಿನಿಂದ ಒಳಗೆ ನೋಡುತ್ತ ಥ್ರಾಟಲನ್ನು ಕೈಯಿಂದ ತೆರೆಯಿರಿ. ಲಿವರ್ ಕದಲಿದ ಕೂಡಲೇ ಪೆಟ್ರೋಲ್ ನೇರ ಎಳೆಯಾಗಿ ಚಿಮ್ಮಬೇಕು. ಕಾಲುಭಾಗ ತೆರೆದ ಮೇಲೆ ಚಿಮ್ಮಿದರೆ, ಹನಿಹನಿಯಾಗಿ ಬಿದ್ದರೆ, ಗೋಡೆಗೆ ಓರೆಯಾಗಿ ಬಡಿದರೆ ಪಂಪ್ ಡಯಾಫ್ರಮ್, ಅದರ ಬಾಲ್ ವಾಲ್ವ್, ಲಿಂಕಿನ ಸವೆತ ಇವುಗಳಲ್ಲೊಂದು ಕೆಟ್ಟಿದೆ. ಚಿಮ್ಮುವಿಕೆ ಚೆನ್ನಾಗಿದ್ದೂ, ಪೆಡಲನ್ನು ತೀರಾ ಮೆಲ್ಲಗೆ ಒತ್ತಿದಾಗಲೇ ಮುಗ್ಗರಿಸುವುದಾದರೆ ಅನುಮಾನ ಥ್ರಾಟಲ್ ಅಂಚಿನ ಆ ಸಣ್ಣ ರಂಧ್ರಗಳ ಮೇಲೆ, ಅವಕ್ಕೆ ಪೆಟ್ರೋಲ್ ಕೊಡುವ ಐಡಲ್ ಜೆಟ್ಟಿನ ಮೇಲೆ. ಜೋರಾಗಿ ಒತ್ತಿದರೆ ಮುಗ್ಗರಿಸಿ ಮೆಲ್ಲಗೆ ಒತ್ತಿದರೆ ಸುಮ್ಮನಿದ್ದರೆ ಪಂಪು. ಈ ಒಂದು ವ್ಯತ್ಯಾಸವನ್ನು ಕಾಲಿನಿಂದಲೇ ತಿಳಿಯಬಹುದು. ಕೊನೆಗೆ ಥ್ರಾಟಲಿನ ಅಡ್ಡ ಶಾಫ್ಟನ್ನು ಬೆರಳಿನಿಂದ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಎಷ್ಟೋ ವರ್ಷ ಓಡಿದ ಕಾರ್ಬುರೇಟರುಗಳಲ್ಲಿ ಅದರ ರಂಧ್ರ ಸವೆದು ಅಂಡಾಕಾರವಾಗಿ ಅಲ್ಲಿಂದಲೇ ಗಾಳಿ ಎಳೆಯುತ್ತಿರುತ್ತದೆ. ಅಂಗಡಿಯಲ್ಲಿ ಸಿಗುವ ಕಾರ್ಬುರೇಟರ್ ಕಿಟ್ ಇದಕ್ಕೆ ಮದ್ದಲ್ಲ. ಲೇಥ್ ಕೆಲಸದವರ ಬಳಿ ಹೊಸ ಬುಶ್ ಕೂರಿಸಬೇಕು.

ಇಷ್ಟು ತಲೆನೋವಿಗಿಂತ ಹೊಸ ಕಾರ್ಬುರೇಟರೇ ಹಾಕಿಬಿಡೋಣ ಎನ್ನುವವರಿದ್ದಾರೆ. ದುಡ್ಡಿರುವವರಿಗೆ ಅದು ಸುಲಭವಾಗಿ ಕಾಣುತ್ತದೆ. ಆದರೆ ದೋಷ ವ್ಯಾಕ್ಯೂಮ್ ಅಡ್ವಾನ್ಸಿನಲ್ಲಿದ್ದರೆ ಹೊಸ ಕಾರ್ಬುರೇಟರೂ ಅದೇ ಹಂಪ್ ದಾಟಿ ಅದೇ ರೀತಿ ಮುಗ್ಗರಿಸುತ್ತದೆ. ಹೆಸರಿಲ್ಲದ ಬದಲಿ ಕಾರ್ಬುರೇಟರುಗಳಲ್ಲಿ ಜೆಟ್ಟಿನ ಅಳತೆ ನಿಮ್ಮ ಇಂಜಿನ್ನಿಗೆ ಹೊಂದುವುದೆಂಬ ಭರವಸೆಯೂ ಇಲ್ಲ. ಕಾರಿನೊಂದಿಗೆ ಬಂದ ಮೂಲ ಕಾರ್ಬುರೇಟರ್ ಸವೆದಿದ್ದರೂ ಅದನ್ನು ಗುಜರಿಗೆ ಕೊಡಬೇಡಿ. ಇನ್ನು ಕಿವಿಯಿಂದಲೇ ಟ್ಯೂನ್ ಮಾಡುತ್ತೇವೆ ಎನ್ನುವ ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಕಿವಿ ಕೇಳುವುದು ನಿಂತ ಗಾಡಿಯ ಸದ್ದನ್ನು, ನಮ್ಮ ದೋಷ ಕಾಣಿಸಿಕೊಳ್ಳುವುದು ಓಡುವ ಗಾಡಿಯಲ್ಲಿ, ಭಾರದ ಕೆಳಗೆ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದಾಗ ಸರಿಯಿದ್ದು ರಸ್ತೆಯಲ್ಲಿ ಮುಗ್ಗರಿಸುವ ಗಾಡಿಗೆ ಟೈಮಿಂಗ್ ಲೈಟ್, ಫೀಲರ್ ಗೇಜ್ ಮತ್ತು ಒಂದು ಟ್ರಯಲ್ ಓಟ ಬೇಕೇ ಬೇಕು. ಹಾಗೆಯೇ ಓಡಿಸುವವರ ತಪ್ಪನ್ನೂ ಗಾಡಿಯ ಮೇಲೆ ಹಾಕಬಾರದು. ಮೂರನೇ ಗೇರಿನಲ್ಲಿ ಇಪ್ಪತ್ತರ ವೇಗದಿಂದ ಎಳೆ ಎಂದರೆ 796 ಸಿ.ಸಿ.ಯ ಮೂರು ಸಿಲಿಂಡರಿನ ಇಂಜಿನ್ ಮುಗ್ಗರಿಸದೆ ಇನ್ನೇನು ಮಾಡೀತು? ಎರಡಕ್ಕೆ ಇಳಿಸಿದಾಗ ಹೋಗುವ ತೊಂದರೆ ದೋಷವೇ ಅಲ್ಲ.

ಆದ್ದರಿಂದ ಮುಂದಿನ ಸಲ ಗ್ಯಾರೇಜಿಗೆ ಹೋದಾಗ ‘ಪಿಕಪ್ ಇಲ್ಲ’ ಎಂದಷ್ಟೇ ಹೇಳಿ ಕೀ ಕೊಟ್ಟು ಬರಬೇಡಿ. ಯಾವ ಗೇರು, ಎಷ್ಟು ವೇಗ, ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಪೆಡಲ್ ಮೆಲ್ಲಗೆ ಒತ್ತಿದಾಗಲೋ ಜೋರಾಗಿ ಒತ್ತಿದಾಗಲೋ, ಚೋಕ್ ಎಳೆದರೆ ಏನಾಗುತ್ತದೆ, ಕೊನೆಯ ಸಲ ಯಾರು ಏನನ್ನು ಮುಟ್ಟಿದ್ದರು – ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ತೋರಿಸಿ. ಎಲ್ಲ ನೋಡಿದ ಮೇಲೂ ಮಿಕ್ಸ್ಚರ್ ಸ್ಕ್ರೂ ತಿರುಗಿಸಲೇಬೇಕೆಂದಾದರೆ, ಅದನ್ನು ಮೊದಲು ಪೂರ್ತಿ ಒಳಕ್ಕೆ ಮೆಲ್ಲಗೆ ಕೂರಿಸಿ, ಎಷ್ಟು ಸುತ್ತು ತೆರೆದಿತ್ತೆಂದು ಎಣಿಸಿ, ಆ ಅಂಕಿಯನ್ನೂ ಅದೇ ಚೀಟಿಯಲ್ಲಿ ಬರೆದಿಡಲು ಹೇಳಿ.